ಪುಟ್ಟ ಮಕ್ಕಳಿಗೆ ಅಲರ್ಜಿ ಸಿರಪ್: ಕೊಡುವ ಮುನ್ನ ತಿಳಿದಿರಬೇಕಾದ್ದು



ಬೀದರ್, ಹುಮನಾಬಾದ್, ಕಲಬುರಗಿ, ಯಾದಗಿರಿ ಕಡೆಯಿಂದ ಕೆಲಸಕ್ಕೆಂದು ಬಂದು ಪಟಾನ್‌ಚೆರು, ಇಸ್ನಾಪುರ, ಪಾಶಮೈಲಾರಂ, ಬೊಲ್ಲಾರಂ, ರಾಮಚಂದ್ರಾಪುರಂ ಸುತ್ತಮುತ್ತ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಿಗಾಗಿ ಇಂದಿನ ಲೇಖನ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಒಮ್ಮೆ ಗೂಡಿನ ಮೇಲೆ ನೋಡಿ. ಅರ್ಧ ಉಳಿದ ಒಂದು ಸಿರಪ್ ಬಾಟಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಮಗುವಿನ ಮೂಗು ಸೋರಿದರೆ ಅದೇ ಬಾಟಲಿ, ಕೆಮ್ಮಿದರೆ ಅದೇ ಬಾಟಲಿ, ರಾತ್ರಿ ಮಲಗದೆ ಹಟ ಮಾಡಿದರೂ ಅದೇ ಬಾಟಲಿ.

ಈ ಬಾಟಲಿಗಳಲ್ಲಿ ಬಹುಪಾಲು ಇರುವುದು ಆ್ಯಂಟಿಹಿಸ್ಟಮಿನ್ ಎಂಬ ಔಷಧಿ. ಸರಿಯಾದ ಕಾರಣಕ್ಕೆ, ಸರಿಯಾದ ವಯಸ್ಸಿಗೆ, ಸರಿಯಾದ ಅಳತೆಯಲ್ಲಿ ಕೊಟ್ಟರೆ ಇದು ಒಳ್ಳೆಯ ಔಷಧಿ. ಈ ಮೂರರಲ್ಲಿ ಒಂದು ತಪ್ಪಿದರೂ ಪುಟ್ಟ ಮಗುವಿಗೆ ಅಪಾಯವಾಗಬಹುದು. ಹಾಗಾಗಿ ಸಮಾಧಾನದಿಂದ ಕೊನೆಯವರೆಗೂ ಓದಿ. ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವ ಹಿರಿಯರಿಗೆ ಓದಿ ಹೇಳಿ.

*1. ಆ್ಯಂಟಿಹಿಸ್ಟಮಿನ್ ಎಂದರೇನು?*

ಧೂಳು, ಹೂವಿನ ಪರಾಗ, ಸೊಳ್ಳೆ ಕಡಿತ, ಕೆಲವು ಆಹಾರ, ಕೆಲವು ಔಷಧಿ ಒಬ್ಬೊಬ್ಬರ ಮೈಗೆ ಒಗ್ಗುವುದಿಲ್ಲ. ಆಗ ದೇಹದಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ. ತುರಿಕೆ, ಪಿತ್ತದ ಗಂಧೆ, ಸಾಲು ಸಾಲು ಸೀನು, ಕಣ್ಣು ಕೆಂಪಾಗಿ ನೀರು ಸುರಿಯುವುದು ಇವೆಲ್ಲ ಅದರ ಕೆಲಸ. ಆ ಹಿಸ್ಟಮಿನ್ ತನ್ನ ಕೆಲಸ ಮಾಡದಂತೆ ತಡೆಯುವ ಔಷಧಿಯೇ ಆ್ಯಂಟಿಹಿಸ್ಟಮಿನ್.

ಇದರಲ್ಲಿ ಎರಡು ಬಗೆ.

*ಹಳೆಯ ಬಗೆ:* ಕ್ಲೋರ್‌ಫೆನಿರಮಿನ್, ಡೈಫೆನ್‌ಹೈಡ್ರಮಿನ್, ಪ್ರೊಮೆಥಜಿನ್, ಹೈಡ್ರಾಕ್ಸಿಜಿನ್, ಸೈಪ್ರೊಹೆಪ್ಟಾಡಿನ್. ಇವು ರಕ್ತದಿಂದ ಮೆದುಳಿಗೂ ಹೋಗುತ್ತವೆ. ಆದ್ದರಿಂದ ಮಂಪರು, ನಿದ್ದೆ ಬರುತ್ತದೆ. ಬಾಯಿ ಒಣಗುತ್ತದೆ. ಕೆಲವು ಮಕ್ಕಳಲ್ಲಿ ಇದಕ್ಕೆ ಉಲ್ಟಾ ಆಗುತ್ತದೆ: ನಿದ್ದೆಯ ಬದಲು ಅಳು, ಚಡಪಡಿಕೆ, ಹಟ ಹೆಚ್ಚಾಗುತ್ತದೆ.

*ಹೊಸ ಬಗೆ:* ಸೆಟ್ರಿಜಿನ್, ಲೆವೋಸೆಟ್ರಿಜಿನ್, ಲೊರಾಟಡಿನ್, ಫೆಕ್ಸೊಫೆನಾಡಿನ್. ಇವು ಮೆದುಳಿಗೆ ಹೋಗುವುದು ಕಡಿಮೆ. ಮಂಪರೂ ಕಡಿಮೆ, ಆದರೆ ಇಲ್ಲವೇ ಇಲ್ಲ ಎಂದಲ್ಲ. ಸೆಟ್ರಿಜಿನ್ ಕೊಟ್ಟರೂ ಕೆಲವು ಮಕ್ಕಳು ಮಂಕಾಗುತ್ತಾರೆ. ಇಂದು ಮಕ್ಕಳ ಅಲರ್ಜಿಗೆ ವೈದ್ಯರು ಹೆಚ್ಚಾಗಿ ಬರೆಯುವುದು ಈ ಹೊಸ ಬಗೆಯನ್ನೇ.

ಇವು ಅಲರ್ಜಿಯ ಔಷಧಿಗಳು ಎಂಬುದು ನೆನಪಿರಲಿ.

*2. ನೆಗಡಿಗೆ ಇದು ಔಷಧಿ ಅಲ್ಲ*

ಸಾಮಾನ್ಯ ನೆಗಡಿ ಬರುವುದು ವೈರಸ್‌ನಿಂದ. ಅಲ್ಲಿ ಅಲರ್ಜಿಯ ಪಾತ್ರವಿಲ್ಲ. ಆದ್ದರಿಂದ ಪುಟ್ಟ ಮಕ್ಕಳ ನೆಗಡಿ, ಕೆಮ್ಮನ್ನು ಆ್ಯಂಟಿಹಿಸ್ಟಮಿನ್ ವಾಸಿ ಮಾಡುವುದಿಲ್ಲ, ಬೇಗ ಮುಗಿಸುವುದೂ ಇಲ್ಲ. ಐದು ವರ್ಷದೊಳಗಿನ ಮಗುವಿಗೆ ವರ್ಷದಲ್ಲಿ ಆರರಿಂದ ಎಂಟು ಬಾರಿ ನೆಗಡಿ ಆಗುವುದು ಸಹಜ. ಪ್ರತಿ ಸಲ ಏಳರಿಂದ ಹತ್ತು ದಿನ ಇರುತ್ತದೆ. ಕೆಮ್ಮು ಎರಡು-ಮೂರು ವಾರ ಎಳೆಯಬಹುದು. ಸಿರಪ್ ಕೊಟ್ಟ ಮೂರನೇ ದಿನ ಕಡಿಮೆಯಾಯಿತು ಎಂದು ಅನಿಸುತ್ತದೆ. ಕೊಡದಿದ್ದರೂ ಅಷ್ಟೇ ದಿನಕ್ಕೆ ಕಡಿಮೆಯಾಗುತ್ತಿತ್ತು.

ಹಾಗಾದರೆ ನೆಗಡಿಯೋ ಅಲರ್ಜಿಯೋ ಗೊತ್ತಾಗುವುದು ಹೇಗೆ? ಕೆಲವು ಗುರುತುಗಳಿವೆ.

• ಜ್ವರ, ಮೈಕೈ ನೋವು, ಗಂಟಲು ನೋವು ಇದ್ದು, ಮನೆಯಲ್ಲಿ ಇನ್ನೊಬ್ಬರಿಗೂ ಹಾಗೇ ಆಗಿದ್ದರೆ ಅದು ಬಹುತೇಕ ನೆಗಡಿ.
• ಜ್ವರವಿಲ್ಲದೆ, ಸಾಲು ಸಾಲು ಸೀನು, ಮೂಗು-ಕಣ್ಣು ತುರಿಕೆ, ತಿಳಿ ನೀರಿನಂತೆ ಸೋರುವ ಮೂಗು, ವಾರಗಟ್ಟಲೆ ಇದ್ದರೆ ಅಲರ್ಜಿ ಇರಬಹುದು.
• ಮೈಮೇಲೆ ಇದ್ದಕ್ಕಿದ್ದಂತೆ ತುರಿಸುವ ಗಂಧೆ ಎದ್ದರೆ ಅದು ಹೆಚ್ಚಾಗಿ ಅಲರ್ಜಿ.

ಇನ್ನೊಂದು ಮಾತು. ಲಾರಿಗಳು ಓಡುವ ಹೆದ್ದಾರಿ, ಕಾರ್ಖಾನೆಗಳ ಹೊಗೆ, ಕಟ್ಟಡ ಕೆಲಸದ ಧೂಳು ಇವುಗಳ ನಡುವೆ ಇರುವ ಮಕ್ಕಳ ಮೂಗು-ಗಂಟಲು ಬರೀ ಹೊಗೆ-ಧೂಳಿನಿಂದಲೂ ಕೆರಳುತ್ತದೆ. ಇದಕ್ಕೆ ಮನೆಯೊಳಗಿನ ಹೊಗೆ ಸೇರಿದರೆ ಕಷ್ಟ ದುಪ್ಪಟ್ಟು. ಕೂಸಿಗೆ ಸ್ನಾನ ಮಾಡಿಸಿ ತಲೆಗೆ ಲೋಬಾನ, ಸಾಂಬ್ರಾಣಿ ಹೊಗೆ ಹಿಡಿಯುವುದು ನಮ್ಮ ಕಡೆ ರೂಢಿ. ಒಂದೇ ಕೋಣೆಯ ಮನೆಯಲ್ಲಿ ಆ ಹೊಗೆ ಎಲ್ಲೂ ಹೋಗದೆ ಮಗುವಿನ ಎದೆಗೇ ಹೋಗುತ್ತದೆ. ಸೊಳ್ಳೆ ಬತ್ತಿ, ಬೀಡಿ-ಸಿಗರೇಟು ಕೂಡ ಹಾಗೆಯೇ. ಸಿರಪ್ ಹುಡುಕುವ ಮೊದಲು ಹೊಗೆ ನಿಲ್ಲಿಸಿ ನೋಡಿ. ಬತ್ತಿಯ ಬದಲು ಸೊಳ್ಳೆ ಪರದೆ ಕಟ್ಟಿ.

*3. ನಾಲ್ಕು ವರ್ಷದೊಳಗೆ ಈ ಹನಿ ಬೇಡ: ಸರ್ಕಾರವೇ ಹೇಳಿದೆ*

ಮಕ್ಕಳ ನೆಗಡಿಗೆಂದು ಅಂಗಡಿಯಲ್ಲಿ ಕೊಡುವ ಸಿರಪ್ ಮತ್ತು ಹನಿಗಳಲ್ಲಿ ಹೆಚ್ಚಾಗಿ ಎರಡು ಔಷಧಿಗಳು ಒಟ್ಟಿಗೆ ಇರುತ್ತವೆ: ಕ್ಲೋರ್‌ಫೆನಿರಮಿನ್ ಮೇಲಿಯೇಟ್ ಮತ್ತು ಫಿನೈಲೆಫ್ರಿನ್. ಮೊದಲನೆಯದು ಹಳೆಯ ಬಗೆಯ ಆ್ಯಂಟಿಹಿಸ್ಟಮಿನ್. ಎರಡನೆಯದು ಮೂಗಿನ ರಕ್ತನಾಳಗಳನ್ನು ಕುಗ್ಗಿಸುವ ಔಷಧಿ.

2023ರ ಡಿಸೆಂಬರ್ 18ರಂದು ಭಾರತದ ಔಷಧ ಮಹಾನಿಯಂತ್ರಕರು ಎಲ್ಲಾ ರಾಜ್ಯಗಳಿಗೆ ಪತ್ರ ಬರೆದರು. ಈ ಎರಡೂ ಸೇರಿರುವ ಔಷಧಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದು ಎಂಬ ಎಚ್ಚರಿಕೆಯನ್ನು ಬಾಟಲಿಯ ಲೇಬಲ್ ಮೇಲೆ ಮುದ್ರಿಸಬೇಕು ಎಂದು ಸೂಚಿಸಿದರು. ಅಮೆರಿಕದಲ್ಲಿ 2008ರಲ್ಲೇ ಕಂಪನಿಗಳು ನೆಗಡಿ-ಕೆಮ್ಮಿನ ಸಿರಪ್‌ಗಳ ಮೇಲೆ ನಾಲ್ಕು ವರ್ಷದೊಳಗೆ ಬೇಡ ಎಂದು ಬರೆಯಲು ಶುರುಮಾಡಿದ್ದವು.

2025ರ ಅಕ್ಟೋಬರ್ 3ರಂದು ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಇನ್ನೊಂದು ಸೂಚನೆ ಹೊರಡಿಸಿತು. ಎರಡು ವರ್ಷದೊಳಗಿನ ಮಕ್ಕಳಿಗೆ ನೆಗಡಿ-ಕೆಮ್ಮಿನ ಔಷಧಿ ಬರೆಯಬಾರದು, ಕೊಡಬಾರದು. ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ. ಅದಕ್ಕಿಂತ ದೊಡ್ಡ ಮಕ್ಕಳಿಗೂ ವೈದ್ಯರು ನೋಡಿಯೇ, ಕಡಿಮೆ ದಿನ, ಸರಿಯಾದ ಪ್ರಮಾಣದಲ್ಲಿ ಕೊಡಬೇಕು ಎಂಬುದು ಅದರ ಸಾರ.

ಈ ಸೂಚನೆ ಏಕೆ ಬಂತೆಂದು ಹಲವರಿಗೆ ನೆನಪಿರಬಹುದು. 2025ರ ಸೆಪ್ಟೆಂಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ಪುಟ್ಟ ಮಕ್ಕಳು ಮೂತ್ರಪಿಂಡ ಕೆಟ್ಟು ಒಬ್ಬೊಬ್ಬರಾಗಿ ತೀರಿಕೊಂಡರು. ಸತ್ತ ಮಕ್ಕಳು 20ಕ್ಕೂ ಹೆಚ್ಚು, ಬಹುತೇಕ ಐದು ವರ್ಷದೊಳಗಿನವರು. ಅವರಿಗೆ ನೆಗಡಿ-ಕೆಮ್ಮಿಗೆಂದು ಕೊಟ್ಟಿದ್ದ ಕೋಲ್ಡ್ರಿಫ್ ಸಿರಪ್‌ನಲ್ಲಿ ಇರಬೇಕಾದದ್ದು ಪ್ಯಾರಸಿಟಮಾಲ್, ಫಿನೈಲೆಫ್ರಿನ್, ಕ್ಲೋರ್‌ಫೆನಿರಮಿನ್. ಅದರ ಎಸ್‌ಆರ್-13 ಬ್ಯಾಚನ್ನು ತಮಿಳುನಾಡು ಪ್ರಯೋಗಾಲಯ ಪರೀಕ್ಷಿಸಿದಾಗ ಶೇ 48.6ರಷ್ಟು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಸಿಕ್ಕಿತು. ತೆಲಂಗಾಣದ ಔಷಧ ನಿಯಂತ್ರಣ ಇಲಾಖೆಯೂ ಅಕ್ಟೋಬರ್ ಮೊದಲ ವಾರದಲ್ಲೇ ಆ ಬ್ಯಾಚನ್ನು ಬಳಸಬೇಡಿ ಎಂದು ಇಲ್ಲಿನ ಜನರಿಗೆ ಎಚ್ಚರಿಕೆ ಕೊಟ್ಟಿತು.

ಇಲ್ಲೊಂದು ವಿಷಯ ಸ್ಪಷ್ಟವಾಗಿರಲಿ. ಆ ಮಕ್ಕಳು ಸತ್ತದ್ದು ಬೆರೆತಿದ್ದ ವಿಷದಿಂದ, ಆ್ಯಂಟಿಹಿಸ್ಟಮಿನ್‌ನಿಂದ ಅಲ್ಲ. ಹಾಗಾಗಿ ಎಲ್ಲಾ ಸಿರಪ್ ವಿಷ ಎಂದು ಹೆದರಬೇಕಿಲ್ಲ. ಆದರೆ ತಾನಾಗಿಯೇ ವಾಸಿಯಾಗುವ ನೆಗಡಿಗೆ ಅಗತ್ಯವಿಲ್ಲದ ಔಷಧಿ ಕುಡಿಸಿದಾಗ ಸಿಗುವ ಲಾಭ ಏನೂ ಇಲ್ಲ. ಅಪಾಯ ಮಾತ್ರ ಮಗುವಿನ ಪಾಲಿಗೆ ಉಳಿಯುತ್ತದೆ.

*4. ನಿದ್ದೆ ಬರಲಿ ಎಂದು ಕೊಡಬೇಡಿ*

ಇದನ್ನು ಯಾರನ್ನೂ ದೂರಲು ಬರೆಯುತ್ತಿಲ್ಲ. ಗಂಡನಿಗೆ ರಾತ್ರಿ ಪಾಳಿ, ಹೆಂಡತಿಗೆ ಬೆಳಗಿನ ಪಾಳಿ, ಗೋಡೆಯಾಚೆ ಮಲಗಿರುವ ಪಕ್ಕದ ಮನೆಯವರು. ಇಂಥಲ್ಲಿ ಮಗು ರಾತ್ರಿಯಿಡೀ ಅತ್ತರೆ ಏನು ಮಾಡಬೇಕು ಎಂದೇ ತೋಚುವುದಿಲ್ಲ. "ಎರಡು ಹನಿ ಹಾಕಿದ್ರ ಸುಮ್ನ ಮಲಗ್ತದ" ಎಂದು ಯಾರೋ ಹೇಳುತ್ತಾರೆ. ಊರಿಗೆ ಹೋಗುವಾಗ ಜಹೀರಾಬಾದ್ ದಾಟುವವರೆಗೆ ಬಸ್ಸಿನಲ್ಲಿ ಮಲಗಿರಲಿ ಎಂದೂ ಕೊಡುವವರಿದ್ದಾರೆ.

ಆದರೆ ಆ ನಿದ್ದೆ ಸಹಜ ನಿದ್ದೆಯಲ್ಲ, ಔಷಧಿಯ ಮಂಪರು. ಪುಟ್ಟ ಮಕ್ಕಳಲ್ಲಿ ಹಳೆಯ ಬಗೆಯ ಆ್ಯಂಟಿಹಿಸ್ಟಮಿನ್ ಉಸಿರಾಟವನ್ನೇ ನಿಧಾನ ಮಾಡಬಹುದು. ಮುಖ್ಯವಾಗಿ ಪ್ರೊಮೆಥಜಿನ್. ಅದನ್ನು ಕೊಟ್ಟ ಪುಟ್ಟ ಮಕ್ಕಳು ಉಸಿರಾಟ ನಿಂತು ಸತ್ತ ಪ್ರಕರಣಗಳು ದಾಖಲಾದ ಮೇಲೆ, ಎರಡು ವರ್ಷದೊಳಗೆ ಕೊಡಲೇಬಾರದು ಎಂಬ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಅಮೆರಿಕದ ಔಷಧ ಇಲಾಖೆ 2004ರಲ್ಲಿ ಲೇಬಲ್ ಮೇಲೆ ಹಾಕಿಸಿತು.

ಮಗು ಮಂಪರಿನಲ್ಲಿದ್ದರೆ ಇನ್ನೊಂದು ತೊಂದರೆಯೂ ಇದೆ. ಜ್ವರ ಏರಿದ್ದು, ಉಸಿರು ವೇಗವಾದದ್ದು, ಹಾಲು ಕುಡಿಯದೆ ಬಿಟ್ಟದ್ದು ನಮಗೆ ಗೊತ್ತೇ ಆಗುವುದಿಲ್ಲ. "ಆರಾಮ ಮಲಗ್ಯಾದ" ಎಂದುಕೊಳ್ಳುತ್ತೇವೆ. ಕೂಸಿಗೆ ಜಾಜಿಕಾಯಿ ತೇದು ನೆಕ್ಕಿಸುವ ಮನೆಗಳಲ್ಲಿ ಈ ಸಿರಪ್ ಕೂಡ ಸೇರಿದರೆ ಮಂಪರು ಇನ್ನೂ ಹೆಚ್ಚಾಗಬಹುದು.

ಹಸಿವಾಗಲಿ, ಮೈ ತುಂಬಿಕೊಳ್ಳಲಿ ಎಂದು ಕೊಡುವ ಕೆಲವು ಸಿರಪ್‌ಗಳಲ್ಲೂ ಸೈಪ್ರೊಹೆಪ್ಟಾಡಿನ್ ಎಂಬ ಹಳೆಯ ಆ್ಯಂಟಿಹಿಸ್ಟಮಿನ್ ಇರುತ್ತದೆ. ಅದನ್ನು ಟಾನಿಕ್ ಎಂದು ತಿಳಿಯಬೇಡಿ. ವೈದ್ಯರು ಹೇಳದೆ ಕೊಡಬೇಡಿ.

*5. ಬಾಟಲಿಯ ಮೇಲೆ ನೋಡಬೇಕಾದ ಐದು ಸಂಗತಿ*

ಬಾಟಲಿಯ ಮೇಲೆ ದೊಡ್ಡಕ್ಷರದಲ್ಲಿ ಇರುವುದು ಕಂಪನಿ ಇಟ್ಟ ಹೆಸರು. ನಮಗೆ ಬೇಕಾದದ್ದು ಸಣ್ಣಕ್ಷರದಲ್ಲಿ ಇರುತ್ತದೆ. ಇಂಗ್ಲಿಷ್ ಓದಲು ಕಷ್ಟವಾದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ, ಅಥವಾ ಅಂಗಡಿಯವರನ್ನೇ ಓದಿ ಹೇಳಲು ಕೇಳಿ. ಕೇಳುವುದು ನಿಮ್ಮ ಹಕ್ಕು.

• *ಒಳಗೆ ಏನೇನು ಇದೆ?* ಔಷಧಿಗಳ ಹೆಸರು ಒಂದೋ, ಎರಡೋ, ಮೂರೋ?
• *ಎಷ್ಟು ಇದೆ?* ಎಷ್ಟು ಮಿಲಿಯಲ್ಲಿ ಎಷ್ಟು ಮಿಲಿಗ್ರಾಂ?
• *ಯಾವ ವಯಸ್ಸಿಗೆ?* ನಾಲ್ಕು ವರ್ಷದೊಳಗೆ ಬೇಡ ಎಂಬ ಎಚ್ಚರಿಕೆ ಇದೆಯೇ?
• *ಯಾವ ತಾರೀಖಿನವರೆಗೆ?* ಅವಧಿ ಮುಗಿದಿದೆಯೇ?
• *ಬ್ಯಾಚ್ ಸಂಖ್ಯೆ ಯಾವುದು?* ಯಾವುದಾದರೂ ಬ್ಯಾಚ್ ಕೆಟ್ಟದ್ದು ಎಂದು ಸುದ್ದಿ ಬಂದಾಗ ಇದರಿಂದಲೇ ಹೋಲಿಸಿ ನೋಡಬಹುದು. ಆದ್ದರಿಂದ ಬಿಲ್ ಕೇಳಿ ಪಡೆಯಿರಿ, ಬಾಟಲಿಯ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ.

ಆ್ಯಂಟಿಹಿಸ್ಟಮಿನ್ ಬಾಟಲಿಗಳ ಮೇಲೆ, ವೈದ್ಯರ ಮೇಲ್ವಿಚಾರಣೆ ಇಲ್ಲದೆ ತೆಗೆದುಕೊಳ್ಳುವುದು ಅಪಾಯ ಎಂಬ ಸಾಲನ್ನು ಮುದ್ರಿಸಬೇಕೆಂದು ನಮ್ಮ ದೇಶದ ಔಷಧ ನಿಯಮವೇ ಹೇಳುತ್ತದೆ. ಅದನ್ನು ಬರೀ ಶಾಸ್ತ್ರಕ್ಕೆ ಬರೆದದ್ದು ಎಂದು ತಿಳಿಯಬೇಡಿ.

*6. ಅಳತೆ ತಪ್ಪುವುದು ಎಲ್ಲಿ?*

ಮಕ್ಕಳಿಗೆ ವೈದ್ಯರು ಪ್ರಮಾಣ ಲೆಕ್ಕ ಹಾಕುವುದು ವಯಸ್ಸು ಮತ್ತು ತೂಕ ನೋಡಿ. ಮೂರು ವರ್ಷದ ಇಬ್ಬರು ಮಕ್ಕಳ ತೂಕ ಒಂದೇ ಇರುವುದಿಲ್ಲ. ಆದ್ದರಿಂದ ಅಕ್ಕನ ಮಗುವಿಗೆ ಬರೆದ ಚೀಟಿ ನಿಮ್ಮ ಮಗುವಿಗೆ ನಡೆಯುವುದಿಲ್ಲ. ಹೋದ ವರ್ಷದ ಚೀಟಿಯೂ ನಡೆಯುವುದಿಲ್ಲ.

ಮನೆಯಲ್ಲಿ ತಪ್ಪಾಗುವುದು ಸಾಮಾನ್ಯವಾಗಿ ಈ ನಾಲ್ಕು ಕಡೆ.

*ಹನಿ ಮತ್ತು ಸಿರಪ್ ಅದಲುಬದಲು.* ಹನಿ ಔಷಧಿ ಗಟ್ಟಿ, ಸಿರಪ್ ತೆಳು. ಕೆಲವು ಬ್ರಾಂಡ್‌ಗಳ ಹನಿಯಲ್ಲಿ 1 ಮಿಲಿಗೆ 2 ಮಿಲಿಗ್ರಾಂ ಕ್ಲೋರ್‌ಫೆನಿರಮಿನ್ ಇರುತ್ತದೆ. ಅದೇ 2 ಮಿಲಿಗ್ರಾಂ ಸಿರಪ್‌ನಲ್ಲಿ 5 ಮಿಲಿಗೆ ಇರುತ್ತದೆ. ಸಿರಪ್ ಎಂದು ತಿಳಿದು ಹನಿ ಬಾಟಲಿಯಿಂದ 5 ಮಿಲಿ ಕುಡಿಸಿದರೆ ಮಗುವಿನ ಹೊಟ್ಟೆಗೆ ಹೋಗುವುದು ಐದು ಪಟ್ಟು ಔಷಧಿ.

*ಮನೆಯ ಚಮಚ.* ನಮ್ಮ ಮನೆಯ ಚಮಚಗಳು ಒಂದೊಂದು ಒಂದೊಂದು ಅಳತೆ. ಔಷಧಿಯ ಲೆಕ್ಕದಲ್ಲಿ ಚಹಾ ಚಮಚ ಎಂದರೆ 5 ಮಿಲಿ, ಊಟದ ದೊಡ್ಡ ಚಮಚ ಎಂದರೆ 15 ಮಿಲಿ. ಚಮಚ ಬದಲಾದರೆ ಮೂರು ಪಟ್ಟು ವ್ಯತ್ಯಾಸ. ಬಾಟಲಿಯ ಜೊತೆ ಬಂದ ಅಳತೆಯ ಮುಚ್ಚಳ, ಡ್ರಾಪರ್ ಅಥವಾ ಸೂಜಿ ಇಲ್ಲದ ಸಿರಿಂಜ್ ಮಾತ್ರ ಬಳಸಿ. ಸಿರಿಂಜ್ ಮೆಡಿಕಲ್ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಒಂದು ಬಾಟಲಿಯ ಡ್ರಾಪರನ್ನು ಇನ್ನೊಂದಕ್ಕೆ ಬಳಸಬೇಡಿ.

*ಚುಕ್ಕೆ ಕಾಣದೆ ಹೋಗುವುದು.* 2.5 ಮಿಲಿ ಎಂದು ಬರೆದದ್ದನ್ನು ಅವಸರದಲ್ಲಿ 25 ಎಂದು ಓದಿಬಿಡಬಹುದು. ವೈದ್ಯರ ಎದುರಿಗೇ ಸಿರಿಂಜ್ ತೋರಿಸಿ, "ಇಲ್ಲಿತನಕ ಹಾಕ್ಬೇಕೇನ್ರಿ?" ಎಂದು ಕೇಳಿ. ಆ ಗೆರೆಗೆ ಪೆನ್ನಿನಿಂದ ಗುರುತು ಮಾಡಿಸಿಕೊಳ್ಳಿ. ಓದು-ಬರಹ ಬಾರದ ಅಜ್ಜಿಗೂ ಆಗ ಅಳತೆ ತಪ್ಪುವುದಿಲ್ಲ.

*ಹೆಸರು ಹತ್ತಿರ, ಔಷಧಿ ಬೇರೆ.* ಸೆಟ್ರಿಜಿನ್ ಸಿರಪ್ ಸಾಮಾನ್ಯವಾಗಿ 5 ಮಿಲಿಗೆ 5 ಮಿಲಿಗ್ರಾಂ. ಲೆವೋಸೆಟ್ರಿಜಿನ್ ಸಿರಪ್ ಸಾಮಾನ್ಯವಾಗಿ 5 ಮಿಲಿಗೆ 2.5 ಮಿಲಿಗ್ರಾಂ. ಎರಡೂ ಒಂದೇ ಎಂದುಕೊಂಡು ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಕಬೇಡಿ.

ಸೆಟ್ರಿಜಿನ್‌ನಂಥ ಹೊಸ ಬಗೆಯನ್ನು ವೈದ್ಯರು ಅಲರ್ಜಿಗಾಗಿ ಆರು ತಿಂಗಳು ದಾಟಿದ ಮಕ್ಕಳಿಗೂ ಬರೆಯುವುದುಂಟು. ಎರಡರಿಂದ ಐದು ವರ್ಷದ ಮಗುವಿಗೆ ಸೆಟ್ರಿಜಿನ್ ಇಡೀ ದಿನಕ್ಕೆ ಸೇರಿ ಸಾಮಾನ್ಯವಾಗಿ 5 ಮಿಲಿಗ್ರಾಂ ದಾಟುವುದಿಲ್ಲ. ಚೀಟಿಯ ಲೆಕ್ಕ ಅದಕ್ಕಿಂತ ಹೆಚ್ಚು ಬಂದರೆ ಕೊಡುವ ಮುನ್ನ ಮತ್ತೊಮ್ಮೆ ಕೇಳಿ. ಇದು ಬರೀ ತಾಳೆ ನೋಡಲು ಹೇಳಿದ ಲೆಕ್ಕ. ಇದನ್ನು ಹಿಡಿದು ನೀವೇ ಔಷಧಿ ಶುರುಮಾಡಬೇಡಿ. ಮಗುವಿಗೆ ಮೂತ್ರಪಿಂಡದ ತೊಂದರೆ, ಫಿಟ್ಸ್, ದಮ್ಮು, ಹೃದಯದ ತೊಂದರೆ ಇದ್ದರೆ ಮೊದಲೇ ವೈದ್ಯರಿಗೆ ಹೇಳಿ.

*7. ಬಾಟಲಿ ಎರಡು, ಔಷಧಿ ಒಂದೇ*

ಒಂದು ಉದಾಹರಣೆ ನೋಡಿ. ಮಗುವಿಗೆ ಜ್ವರ, ನೆಗಡಿ, ಜೊತೆಗೆ ಸೊಳ್ಳೆ ಕಡಿದು ತುರಿಕೆ. ಜ್ವರಕ್ಕೆ ಒಂದು ಬಾಟಲಿ: ಅದರಲ್ಲಿ ಪ್ಯಾರಸಿಟಮಾಲ್. ನೆಗಡಿಗೆ ಒಂದು ಬಾಟಲಿ: ಅದರಲ್ಲಿ ಪ್ಯಾರಸಿಟಮಾಲ್ ಮತ್ತು ಕ್ಲೋರ್‌ಫೆನಿರಮಿನ್. ತುರಿಕೆಗೆ ಇನ್ನೊಂದು: ಅದರಲ್ಲಿ ಸೆಟ್ರಿಜಿನ್. ತಾಯಿ ಮೂರನ್ನೂ ಸರಿಯಾದ ಅಳತೆಯಲ್ಲೇ ಕೊಡುತ್ತಾಳೆ. ಆದರೂ ಮಗುವಿಗೆ ಎರಡು ಪಾಲು ಪ್ಯಾರಸಿಟಮಾಲ್, ಎರಡು ಬಗೆಯ ಆ್ಯಂಟಿಹಿಸ್ಟಮಿನ್ ಹೋಗಿರುತ್ತದೆ. ಪ್ಯಾರಸಿಟಮಾಲ್ ಅತಿಯಾದರೆ ಯಕೃತ್ತಿಗೆ ಪೆಟ್ಟು. ಆ್ಯಂಟಿಹಿಸ್ಟಮಿನ್ ಅತಿಯಾದರೆ ಮೆದುಳು, ಹೃದಯ, ಉಸಿರಿಗೆ ಪೆಟ್ಟು.

ಹಾಗಾಗಿ ಹೊಸ ವೈದ್ಯರ ಬಳಿ ಹೋಗುವಾಗ ಮನೆಯಲ್ಲಿರುವ ಎಲ್ಲಾ ಬಾಟಲಿಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ಪಾಳಿ ಬದಲಾಗುವ ಮನೆಗಳಲ್ಲಿ ಅಪ್ಪ ಒಂದು ಸಲ, ಅವ್ವ ಒಂದು ಸಲ ಎಂದು ಎರಡು ಬಾರಿ ಕೊಟ್ಟುಬಿಡುವುದೂ ಉಂಟು. ಗೋಡೆಯ ಕ್ಯಾಲೆಂಡರಿನಲ್ಲಿ ಔಷಧಿ ಕೊಟ್ಟ ಹೊತ್ತನ್ನು ಬರೆದಿಡಿ.

*8. ಅಂಗಡಿಯಲ್ಲಿ ಕೇಳಲು ನಾಲ್ಕು ತೆಲುಗು ಮಾತು*

ಭಾಷೆ ಬಾರದೆ ಎಷ್ಟೋ ಜನ ಕೇಳದೆಯೇ ವಾಪಸ್ ಬರುತ್ತಾರೆ. ಈ ಮಾತುಗಳು ಸಾಕು.

• *ಮಾ ಬಾಬುಕಿ ಮೂಡೇಳ್ಳು, ಬರುವು ಪನ್ನೆಂಡು ಕೇಜೀಲು.* (ನಮ್ಮ ಮಗನಿಗೆ ಮೂರು ವರ್ಷ, ತೂಕ 12 ಕೆಜಿ. ಹೆಣ್ಣುಮಗುವಾದರೆ "ಪಾಪಕಿ" ಎನ್ನಿ.)
• *ಈ ಮಂದುಲೊ ಏಮೇಮಿ ಉನ್ನಾಯಿ?* (ಈ ಔಷಧಿಯಲ್ಲಿ ಏನೇನು ಇದೆ?)
• *ಎನ್ನಿ ಎಂಎಲ್ ಇವ್ವಾಲಿ? ರೋಜುಕಿ ಎನ್ನಿ ಸಾರ್ಲು?* (ಎಷ್ಟು ಮಿಲಿ ಕೊಡಬೇಕು? ದಿನಕ್ಕೆ ಎಷ್ಟು ಸಲ?)
• *ದೀನಿತೊ ನಿದ್ರ ವಸ್ತುಂದಾ?* (ಇದರಿಂದ ನಿದ್ದೆ ಬರುತ್ತದೆಯೇ?)

ತೆಲುಗಿನಲ್ಲಿ ನೆಗಡಿಗೆ ಜಲುಬು, ಕೆಮ್ಮಿಗೆ ದಗ್ಗು, ತುರಿಕೆಗೆ ದುರದ, ಗಂಧೆಗೆ ದದ್ದುರ್ಲು ಎನ್ನುತ್ತಾರೆ. ಉಸಿರಾಡಲು ಆಗುತ್ತಿಲ್ಲ ಎನ್ನಲು "ಊಪಿರಿ ಆಡಟಂ ಲೇದು" ಎನ್ನಿ.

*9. ಹಾಗಾದರೆ ನೆಗಡಿಗೆ ಏನು ಮಾಡಬೇಕು?*

• ಮೂಗು ಕಟ್ಟಿದರೆ ಉಪ್ಪುನೀರಿನ ಹನಿ ಹಾಕಿ. ಮೆಡಿಕಲ್‌ನಲ್ಲಿ ಸಲೈನ್ ಡ್ರಾಪ್ಸ್ ಎಂದು ಕೇಳಿದರೆ ಕೊಡುತ್ತಾರೆ. ಹಾಲು ಕುಡಿಸುವ ಮುನ್ನ ಮತ್ತು ಮಲಗಿಸುವ ಮುನ್ನ ಹಾಕಿ, ಮೂಗು ಒರೆಸಿ.
• ಎದೆಹಾಲು ನಿಲ್ಲಿಸಬೇಡಿ. ಸ್ವಲ್ಪ ಸ್ವಲ್ಪವೇ ಹೆಚ್ಚು ಸಲ ಕುಡಿಸಿ. ದೊಡ್ಡ ಮಕ್ಕಳಿಗೆ ಬಿಸಿನೀರು, ಗಂಜಿ, ಬೇಳೆ ಕಟ್ಟು ಕೊಡಿ.
• *ಒಂದು ವರ್ಷ ದಾಟಿದ* ಮಗುವಿಗೆ ಕೆಮ್ಮಿದ್ದರೆ ಮಲಗುವ ಮುನ್ನ ಅರ್ಧ ಚಹಾ ಚಮಚ ಜೇನು ಕೊಡಬಹುದು. ಒಂದು ವರ್ಷದೊಳಗೆ ಜೇನು ನೆಕ್ಕಿಸಲೇಬೇಡಿ. ಬಾಟುಲಿಸಂ ಎಂಬ ಗಂಭೀರ ಕಾಯಿಲೆ ಬರಬಹುದು.
• ಕರ್ಪೂರ ಇರುವ ಮುಲಾಮನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಹಚ್ಚಬೇಡಿ. ಯಾವ ವಯಸ್ಸಿನ ಮಗುವಿಗೂ ಮೂಗಿನೊಳಗೆ ಹಚ್ಚಬೇಡಿ.
• ಕುದಿಯುವ ನೀರಿನ ಪಾತ್ರೆ ಇಟ್ಟು ಪುಟ್ಟ ಮಕ್ಕಳಿಗೆ ಹಬೆ ಹಿಡಿಯಬೇಡಿ. ಸುಟ್ಟುಕೊಳ್ಳುವ ಅಪಾಯವಿದೆ.

*10. ಈ ಲಕ್ಷಣ ಕಂಡರೆ ಕಾಯಬೇಡಿ*

• ಉಸಿರು ವೇಗ: ಮಗು ಸುಮ್ಮನಿರುವಾಗ ಒಂದು ನಿಮಿಷ ಪೂರ್ತಿ ಎಣಿಸಿ. ಎರಡು ತಿಂಗಳೊಳಗೆ 60 ಅಥವಾ ಹೆಚ್ಚು, 2ರಿಂದ 12 ತಿಂಗಳವರೆಗೆ 50 ಅಥವಾ ಹೆಚ್ಚು, 1ರಿಂದ 5 ವರ್ಷದವರೆಗೆ 40 ಅಥವಾ ಹೆಚ್ಚು ಇದ್ದರೆ ಆಸ್ಪತ್ರೆಗೆ ಹೋಗಿ.
• ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಹೋಗುವುದು, ತುಟಿ ನೀಲಿಯಾಗುವುದು.
• ಹಾಲು, ನೀರು ಏನೂ ಕುಡಿಯದಿರುವುದು, ಕುಡಿದದ್ದೆಲ್ಲ ವಾಂತಿ.
• ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್.
• ಮೂರು ತಿಂಗಳೊಳಗಿನ ಕೂಸಿಗೆ ಜ್ವರ.

*ಅಲರ್ಜಿಯಲ್ಲೇ ತುರ್ತು ಯಾವುದು?* ಏನೋ ತಿಂದ ಮೇಲೆ, ಔಷಧಿ ಕುಡಿದ ಮೇಲೆ ಅಥವಾ ಕಣಜ ಕಡಿದ ಮೇಲೆ ತುಟಿ, ನಾಲಿಗೆ ಊದಿಕೊಂಡು, ದನಿ ಕಟ್ಟಿ, ಉಸಿರಾಟ ಕಷ್ಟವಾದರೆ, ಅಥವಾ ಗಂಧೆಯ ಜೊತೆ ವಾಂತಿಯಾಗಿ ಮಗು ಸೋತು ಬಿದ್ದರೆ, ಅದಕ್ಕೆ ಸಿರಪ್ ಸಾಲದು. ಅಲ್ಲಿ ಬೇಕಾದದ್ದು ಅಡ್ರಿನಲಿನ್ ಇಂಜೆಕ್ಷನ್. ಸಿರಪ್ ಕೊಟ್ಟು ಕಡಿಮೆಯಾಗುತ್ತದೋ ನೋಡೋಣ ಎಂದು ಕೂರಬೇಡಿ. 108ಕ್ಕೆ ಕರೆ ಮಾಡಿ.

*ಹೋಗುವುದು ಎಲ್ಲಿಗೆ?* ಹತ್ತಿರದಲ್ಲಿ ಪಟಾನ್‌ಚೆರು ಸರ್ಕಾರಿ ಏರಿಯಾ ಆಸ್ಪತ್ರೆ ಇದೆ. ಇಎಸ್‌ಐ ಕಾರ್ಡ್ ಇರುವ ಕಾರ್ಮಿಕರ ಮಕ್ಕಳಿಗೆ ರಾಮಚಂದ್ರಾಪುರಂ ಇಎಸ್‌ಐ ಆಸ್ಪತ್ರೆ ಇದೆ. ಹೈದರಾಬಾದಿನ ನಿಲೋಫರ್ ಮಕ್ಕಳಿಗೆ ಚಿಕಿತ್ಸೆ ಕೊಡುವ ದೊಡ್ಡ ಸರ್ಕಾರಿ ಆಸ್ಪತ್ರೆ. ಸಣ್ಣ ತೊಂದರೆಗೆ ನಿಮ್ಮ ಬಡಾವಣೆಯ ಬಸ್ತಿ ದವಾಖಾನೆಗೆ ಹೋಗಬಹುದು. ಅಲ್ಲಿ ತಪಾಸಣೆ ಉಚಿತ. ಊರಿನ ವಿಳಾಸದ ಆಧಾರ್ ಎಂದು ಹಿಂಜರಿಯಬೇಡಿ.

*11. ಮಗು ಹೆಚ್ಚು ಕುಡಿದುಬಿಟ್ಟರೆ?*

ಸಿರಪ್ ಸಿಹಿಯಾಗಿರುತ್ತದೆ. ಕೈಗೆ ಸಿಕ್ಕರೆ ಮಕ್ಕಳು ಕುಡಿದುಬಿಡುತ್ತಾರೆ. ಅತಿಯಾದಾಗ ಕಾಣುವ ಲಕ್ಷಣಗಳು: ವಿಪರೀತ ಮಂಪರು ಅಥವಾ ವಿಪರೀತ ಚಡಪಡಿಕೆ, ಮುಖ ಕೆಂಪಾಗಿ ಮೈ ಬಿಸಿ, ಬಾಯಿ ಒಣಗುವುದು, ಕಣ್ಣಿನ ಪಾಪೆ ದೊಡ್ಡದಾಗುವುದು, ಎದೆ ಡವಡವ ಹೊಡೆಯುವುದು, ಇಲ್ಲದ್ದನ್ನು ಕಂಡಂತೆ ಬಡಬಡಿಸುವುದು, ಮೂತ್ರ ಕಟ್ಟುವುದು, ಫಿಟ್ಸ್.

• ವಾಂತಿ ಮಾಡಿಸಬೇಡಿ. ಉಪ್ಪುನೀರು, ಹುಣಸೆಹಣ್ಣಿನ ನೀರು ಕುಡಿಸಬೇಡಿ.
• ಲಕ್ಷಣ ಕಾಣುವವರೆಗೆ ಕಾಯದೆ ಆಸ್ಪತ್ರೆಗೆ ಹೊರಡಿ. ಬಾಟಲಿಯನ್ನು ಜೊತೆಗೆ ಒಯ್ಯಿರಿ.
• ಎಷ್ಟು ಹೊತ್ತಿಗೆ, ಸುಮಾರು ಎಷ್ಟು ಕುಡಿಯಿತು ಎಂದು ನೆನಪಿಟ್ಟು ಹೇಳಿ. ಬೈಸಿಕೊಳ್ಳಬೇಕಾಗುತ್ತದೆ ಎಂದು ಮುಚ್ಚಿಡಬೇಡಿ.
• ದೆಹಲಿ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ಹಗಲು-ರಾತ್ರಿ ಉಚಿತವಾಗಿ ಸಲಹೆ ಕೊಡುತ್ತದೆ: 1800 116 117.

*12. ಪೋಷಕರು ಕೇಳುವ ಪ್ರಶ್ನೆಗಳು*

*"ಔಷಧಿ ಕುಡಿಸಿದ ಕೂಡ್ಲೆ ವಾಂತಿ ಮಾಡ್ಕೊಂಡ್ರ ಮತ್ತ ಕೊಡ್ಬೇಕೇನ್ರಿ?"*
ನೀವಾಗಿಯೇ ಮತ್ತೆ ಕೊಡಬೇಡಿ. ಎಷ್ಟು ಒಳಗೆ ಉಳಿದಿದೆ ಎಂದು ಹೇಳಲಾಗದು. ವೈದ್ಯರನ್ನು ಕೇಳಿ.

*"ಬೆಳಿಗ್ಗೆ ಕೊಡೋದು ಮರ್ತಿನ್ರಿ, ರಾತ್ರಿ ಎರಡು ಸಲದ್ದು ಸೇರಿಸಿ ಕೊಡ್ಲೇನು?"*
ಬೇಡ. ಮರೆತದ್ದನ್ನು ಬಿಟ್ಟುಬಿಡಿ. ಮುಂದಿನ ಹೊತ್ತಿನದು ಮಾತ್ರ ಕೊಡಿ.

*"ದೊಡ್ಡೋರ ಗುಳಿಗಿ ಅರ್ಧ ಮುರ್ದು ಕೊಡಬಹುದಾ?"*
ಕೊಡಬಾರದು. ಅಳತೆ ಸರಿಯಾಗಿ ಬರುವುದಿಲ್ಲ. ದೊಡ್ಡವರ ನೆಗಡಿ ಗುಳಿಗೆಗಳಲ್ಲಿ ಬೇರೆ ಔಷಧಿಗಳೂ ಸೇರಿರುತ್ತವೆ.

*"ನಾನು ಎದಿಹಾಲು ಕುಡಿಸ್ತೀನ್ರಿ, ನನಗ ನೆಗಡಿ ಆದ್ರ ಗುಳಿಗಿ ತಗೋಬಹುದಾ?"*
ಹಳೆಯ ಬಗೆಯ ಆ್ಯಂಟಿಹಿಸ್ಟಮಿನ್ ಹಾಲಿನ ಮೂಲಕ ಕೂಸಿಗೂ ಮಂಪರು ತರಬಹುದು. ಹಾಲು ಕುಡಿಸುತ್ತಿರುವುದಾಗಿ ವೈದ್ಯರಿಗೆ ಹೇಳಿ, ಅದಕ್ಕೆ ತಕ್ಕ ಔಷಧಿ ಬರೆಸಿಕೊಳ್ಳಿ.

*"ಡಾಕ್ಟರೇ ನಾಕು ವರ್ಷದೊಳಗಿನ ಕೂಸಿಗೆ ನೆಗಡಿ ಸಿರಪ್ ಬರ್ದಾರ, ಏನು ಮಾಡ್ಲಿ?"*
ಜಗಳ ಬೇಡ. "ಸರ್, ಇದನ್ನು ನಾಲ್ಕು ವರ್ಷದೊಳಗೆ ಕೊಡಬಾರದು ಅಂತ ಸರ್ಕಾರ ಹೇಳಿದೆಯಂತೆ, ಇದು ಬೇಕೇ ಬೇಕಾ?" ಎಂದು ವಿನಯದಿಂದ ಕೇಳಿ. ಅಲರ್ಜಿಗೆ ಬರೆದಿದ್ದರೆ ಅವರು ಕಾರಣ ಹೇಳುತ್ತಾರೆ. ಸಮಾಧಾನವಾಗದಿದ್ದರೆ ಸರ್ಕಾರಿ ಆಸ್ಪತ್ರೆಯ ಮಕ್ಕಳ ವೈದ್ಯರಿಗೆ ತೋರಿಸಿ.

*"ಉಳಿದ ಬಾಟಲಿ ಎಷ್ಟು ದಿನ ಇಡಬಹುದು?"*
ತೆರೆದ ತಾರೀಖನ್ನು ಬಾಟಲಿಯ ಮೇಲೆ ಬರೆಯಿರಿ. ತೆರೆದ ಮೇಲೆ ಎಷ್ಟು ದಿನ ಬಳಸಬಹುದು ಎಂದು ಕೊಳ್ಳುವಾಗಲೇ ಕೇಳಿ. ಕಾಯಿಲೆ ವಾಸಿಯಾದ ಮೇಲೆ ಮುಂದಿನ ಸಲಕ್ಕೆಂದು ಇಟ್ಟುಕೊಳ್ಳುವುದಕ್ಕಿಂತ ತೆಗೆದುಬಿಡುವುದೇ ಒಳ್ಳೆಯದು.

*ಕೊನೆಯದಾಗಿ: ಇಷ್ಟು ನೆನಪಿಡಿ*

✅ ಆ್ಯಂಟಿಹಿಸ್ಟಮಿನ್ ಅಲರ್ಜಿಗೆ. ನೆಗಡಿಗಲ್ಲ, ನಿದ್ದೆಗಲ್ಲ, ಹಸಿವಿಗಲ್ಲ.
✅ ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಸೇರಿದ್ದು ನಾಲ್ಕು ವರ್ಷದೊಳಗೆ ಬೇಡ.
✅ ಬ್ರಾಂಡ್ ಹೆಸರು ಬಿಟ್ಟು ಒಳಗಿನ ಔಷಧಿಯ ಹೆಸರು ನೋಡಿ.
✅ ಚಮಚ ಬಿಟ್ಟು ಸಿರಿಂಜ್ ಹಿಡಿಯಿರಿ.
✅ ಬಾಟಲಿ ಮಕ್ಕಳ ಕೈಗೆ ಸಿಗದ ಎತ್ತರದಲ್ಲಿರಲಿ.

*ಈ ನಂಬರುಗಳನ್ನು ಬರೆದು ಗೋಡೆಗೆ ಅಂಟಿಸಿ:*
ಆಂಬುಲೆನ್ಸ್: 108
ವಿಷ ಮಾಹಿತಿ ಕೇಂದ್ರ: 1800 116 117
ತೆಲಂಗಾಣ ಔಷಧ ನಿಯಂತ್ರಣ ಇಲಾಖೆ (ಔಷಧಿಯ ಬಗ್ಗೆ ದೂರು): 1800 599 6969

ಇದು ತಿಳಿವಳಿಕೆಗಾಗಿ ಬರೆದ ಲೇಖನ. ನಿಮ್ಮ ಮಗುವನ್ನು ಕಣ್ಣಾರೆ ನೋಡಿದ ವೈದ್ಯರ ಮಾತಿಗೆ ಇದು ಬದಲಿಯಲ್ಲ. ನಿಮ್ಮ ಕಾರ್ಖಾನೆಯ ಗೆಳೆಯರಿಗೆ, ಊರಲ್ಲಿ ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಿರುವ ಹಿರಿಯರಿಗೆ ಕಳಿಸಿ. ಓದಲು ಬಾರದವರಿಗೆ ಧ್ವನಿ ಸಂದೇಶ ಮಾಡಿ ಕಳಿಸಿದರೆ ಇನ್ನೂ ಒಳ್ಳೆಯದು.

ಮಕ್ಕಳು ಆರೋಗ್ಯವಾಗಿರಲಿ. 🙏